ಮಾಗಡಿ ಕೆರೆಯ ಹೆಬ್ಬಾತಿನ ದಾರಿ: ಚುಕ್ಕಿ ಸಿಕ್ಕ ಮೇಲೂ ಗಣಿತ ಏಕೆ ಬೇಕು?

ಹಿಂಗಾರಿ ಹೊಲ, ಶಿರಹಟ್ಟಿ

ನಮ್ಮ ತಾಲ್ಲೂಕಿನ ಮಾಗಡಿ ಕೆರೆಗೆ ನವೆಂಬರ್ ಹೊತ್ತಿಗೆ ಬಂದು ಮಾರ್ಚ್ ಹೊತ್ತಿಗೆ ಮರಳುವ ಪಟ್ಟೆತಲೆ ಹೆಬ್ಬಾತುಗಳ ವಿಷಯ ಇಲ್ಲಿ ಎಲ್ಲರಿಗೂ ಗೊತ್ತಿರುವುದೇ. 2024ರಲ್ಲಿ ಕೆರೆ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ನೋಡಲು ಬಂದವರಿಗೆ ನಾವು ಊರಿನವರು, ಇವು ಮಂಗೋಲಿಯ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿಗಳು ಎಂದು ಹೆಮ್ಮೆಯಿಂದ ಹೇಳುತ್ತೇವೆ. ಅದು ಹೇಗೆ ಗೊತ್ತಾಯಿತು ಎಂದು ಶಾಲೆಯ ಮಕ್ಕಳು ತಿರುಗಿ ಕೇಳಿದರೆ ನಮ್ಮಲ್ಲಿ ಸರಿಯಾದ ಉತ್ತರವಿಲ್ಲ.

ಆದ್ದರಿಂದ ಬಲ್ಲವರಲ್ಲಿ ಎರಡು ಪ್ರಶ್ನೆ. ಒಂದು, ಹಕ್ಕಿ ಅಥವಾ ಪ್ರಾಣಿ ಎಲ್ಲಿಂದ ಎಲ್ಲಿಗೆ ಹೋಯಿತೆಂದು ವಿಜ್ಞಾನಿಗಳು ಪತ್ತೆ ಹಚ್ಚಿದ್ದು ಹೇಗೆ? ಎರಡು, ಈಗ ಜಿಪಿಎಸ್ ಇರುವುದರಿಂದ ಪ್ರಾಣಿ ಇದ್ದ ಜಾಗ ನೇರವಾಗಿ ತಿಳಿಯುತ್ತದೆ. ಆದರೂ ಈ ವಿಷಯದ ಬರಹಗಳಲ್ಲೆಲ್ಲ ಚಲನೆಯ ಗಣಿತ ಮಾದರಿ ಎಂಬ ಮಾತು ಬರುತ್ತದೆ. ಜಾಗ ಗೊತ್ತಾದ ಮೇಲೆ ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆದರೆ ಸಾಲದೇ?

ಜೀವಶಾಸ್ತ್ರದ ವಿದ್ಯಾರ್ಥಿನಿ, ಧಾರವಾಡ

ಅಣ್ಣಾವರೇ, ಮೊದಲನೆಯದಕ್ಕೆ ನಾನು ಬರೆಯುತ್ತೇನೆ. ಎರಡನೆಯದು ಲೆಕ್ಕದ ಮಾಸ್ತರರ ಪಾಲಿಗಿರಲಿ.

ಹಕ್ಕಿಗಳು ಖಂಡ ದಾಟಿ ಹೋಗಿಬರುತ್ತವೆ ಎಂಬುದಕ್ಕೆ ಯುರೋಪಿನವರ ಕೈಗೆ ಸಿಕ್ಕ ಹಳೆಯ ಗಟ್ಟಿ ಸಾಕ್ಷ್ಯಗಳಲ್ಲಿ ಒಂದು 1822ರದು. ಜರ್ಮನಿಯ ಕ್ಲ್ಯೂಟ್ಸ್ ಎಂಬ ಊರಿನ ಬಳಿ ಬಂದೂಕಿನಿಂದ ಹೊಡೆದು ಬೀಳಿಸಿದ ಬಿಳಿ ಕೊಕ್ಕರೆಯೊಂದರ ಕೊರಳಿನಲ್ಲಿ ಆಫ್ರಿಕದ ಈಟಿಯೊಂದು ನಾಟಿಕೊಂಡೇ ಇತ್ತು. ಅದನ್ನು ಈಗಲೂ ರೋಸ್ಟಾಕ್ ವಿಶ್ವವಿದ್ಯಾಲಯದಲ್ಲಿ ಕಾಪಾಡಿಕೊಂಡಿದ್ದಾರೆ. ಈಟಿಗಾಗಿ ಕಾಯದೆ ಗುರುತನ್ನು ತಾವೇ ಹಾಕುವ ಕೆಲಸವನ್ನು ಕ್ರಮಬದ್ಧವಾಗಿ ಆರಂಭಿಸಿದವರು ಡೆನ್ಮಾರ್ಕಿನ ಶಿಕ್ಷಕ ಹಾನ್ಸ್ ಕ್ರಿಶ್ಚಿಯನ್ ಮಾರ್ಟೆನ್ಸನ್; ಅವರು 1899ರಲ್ಲಿ ಸಂಖ್ಯೆ ಮತ್ತು ವಿಳಾಸ ಕೊರೆದ ಅಲ್ಯೂಮಿನಿಯಂ ಉಂಗುರಗಳನ್ನು ಸ್ಟಾರ್ಲಿಂಗ್ ಹಕ್ಕಿಗಳ ಕಾಲಿಗೆ ತೊಡಿಸಿದರು.

ನಮ್ಮ ದೇಶದಲ್ಲಿ ಈ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದುದಕ್ಕೆ ನಮ್ಮ ನೆರೆಯ ಕಾಡೊಂದು ಕಾರಣವೆಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಹಾವೇರಿ ಜಿಲ್ಲೆಗೆ ಹೊಂದಿಕೊಂಡ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿ, ಜನರಿಗೂ ಜ್ವರ ಹರಡಿದಾಗ ಪತ್ತೆಯಾದ ವೈರಸ್, ರಷ್ಯದ ಕಡೆ ರಕ್ತ ಹೀರುವ ಉಣ್ಣೆ ಹುಳುಗಳಿಂದ ಹರಡುವ ಮಿದುಳು ಜ್ವರದ ವೈರಸ್ಸಿನ ಬಳಗಕ್ಕೆ ಸೇರಿದ್ದೆಂದು ಕಂಡುಬಂತು. ಹಾಗಾದರೆ ಉಣ್ಣೆಗಳನ್ನು ಹೊತ್ತು ತಂದವು ವಲಸೆ ಹಕ್ಕಿಗಳೇ ಇರಬಹುದೆಂಬ ಅನುಮಾನ ಹುಟ್ಟಿತು. ಅದನ್ನು ಪರೀಕ್ಷಿಸುವ ಸಲುವಾಗಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಸಲೀಂ ಅಲಿಯವರ ಮುಂದಾಳುತನದಲ್ಲಿ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರಲ್ಲಿ ಹಕ್ಕಿ ವಲಸೆಯ ಯೋಜನೆಯನ್ನು ಕೈಗೆತ್ತಿಕೊಂಡಿತು. ಮಂಗನ ಕಾಯಿಲೆಯನ್ನು ಹಕ್ಕಿಗಳು ತಂದವೆಂಬ ಮಾತು ನಿಲ್ಲಲಿಲ್ಲ, ಆದರೆ ಕಾಲಿಗೆ ಉಂಗುರ ಹಾಕಿ ಬಿಟ್ಟ ಹಕ್ಕಿಗಳಿಂದ ದೇಶದ ವಲಸೆ ಹಕ್ಕಿಗಳ ಬಗ್ಗೆ ಮೊದಲ ಬಾರಿಗೆ ದಾಖಲೆಯ ರಾಶಿ ಕೂಡಿತು.

ಉಂಗುರದ ತೊಡಕೆಂದರೆ, ಹಕ್ಕಿ ಮತ್ತೊಮ್ಮೆ ಯಾರದಾದರೂ ಕೈಗೆ ಸಿಗಬೇಕು. ಹೆಬ್ಬಾತಿನಂಥ ದೊಡ್ಡ ಹಕ್ಕಿಗೆ ಕೊರಳಪಟ್ಟಿ ಹಾಕಿದರೆ ದೂರದಿಂದಲೇ ದುರ್ಬೀನಿನಲ್ಲಿ ಅಕ್ಷರ ಓದಬಹುದು. ಮಂಗೋಲಿಯದಲ್ಲಿ ಪಟ್ಟಿ ಹಾಕಿದ ಪಟ್ಟೆತಲೆ ಹೆಬ್ಬಾತುಗಳು ಮೈಸೂರಿನ ಬಳಿಯ ಹದಿನಾರು ಕೆರೆಯಲ್ಲಿ ಕಾಣಿಸಿವೆ. ಈ ಎರಡೂ ವಿಧಾನಗಳಲ್ಲಿ ಸಿಗುವುದು ಹೊರಟ ಜಾಗ ಮತ್ತು ಕಂಡ ಜಾಗ ಮಾತ್ರ. ನಡುವಿನ ದಾರಿ ಖಾಲಿ.

ಆ ಖಾಲಿಯನ್ನು ತುಂಬಲು ಬಂದುದು ರೇಡಿಯೊ. 1960ರ ದಶಕದಲ್ಲಿ ಅಮೆರಿಕದಲ್ಲಿ ಪ್ರಾಣಿಗಳಿಗೆ ಚಿಕ್ಕ ಪ್ರಸಾರಕ ಕಟ್ಟಿ, ಆಂಟೆನಾ ಹಿಡಿದು ಹಿಂದೆ ಅಲೆಯುವ ಪದ್ಧತಿ ಬೆಳೆಯಿತು. ನಮ್ಮ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು 1990ರ ಸುಮಾರಿಗೆ ಹುಲಿಗಳಿಗೆ ರೇಡಿಯೊ ಕಾಲರ್ ಹಾಕಿ ಅಧ್ಯಯನ ಮಾಡಿದ್ದು ಇದೇ ರೀತಿ. 1978ರಲ್ಲಿ ಅರ್ಗೋಸ್ ಉಪಗ್ರಹ ವ್ಯವಸ್ಥೆ ಬಂತು, ಆಮೇಲೆ ಜಿಪಿಎಸ್. ಭಾರ ಮಾತ್ರ ಇಂದಿಗೂ ಮಿತಿ ಹಾಕುತ್ತದೆ: ಉಪಕರಣವು ಹಕ್ಕಿಯ ತೂಕದ ಶೇ 3ರಿಂದ 5ನ್ನು ಮೀರಬಾರದೆಂಬುದು ರೂಢಿಯ ನಿಯಮ. 2 ಕಿಲೊ ತೂಗುವ ಹೆಬ್ಬಾತಿಗೆ ಶೇ 3 ಎಂದರೆ 60 ಗ್ರಾಂ ಸಿಗುತ್ತದೆ, ಗುಬ್ಬಿಗೆ ಒಂದು ಗ್ರಾಂ ಕೂಡ ಸಿಗುವುದಿಲ್ಲ. ಹಾಗಾಗಿಯೇ ದೊಡ್ಡ ಪ್ರಾಣಿಗಳ ಬಗ್ಗೆ ನಮಗೆ ಅತಿಯಾಗಿ ಗೊತ್ತು, ಚಿಕ್ಕವುಗಳ ಬಗ್ಗೆ ತೀರ ಕಡಿಮೆ ಗೊತ್ತು.

ಉಣಕಲ್ ದಂಡೆ, ಹುಬ್ಬಳ್ಳಿ

ನಾನು ವಾಹನಗಳ ಜಿಪಿಎಸ್ ದತ್ತಾಂಶದ ಮೇಲೆ ಕೆಲಸ ಮಾಡುವವನು. ಹಿಂಗಾರಿ ಹೊಲದವರ ಎರಡನೆಯ ಪ್ರಶ್ನೆ ನನ್ನದೂ ಹೌದು. ನಿಮಿಷಕ್ಕೊಂದು ಬಿಂದು ಸಿಗುವಾಗ ಮಾದರಿಯ ಅಗತ್ಯ ಎಲ್ಲಿ ಬಂತು? ಬಿಂದುಗಳನ್ನು ಇನ್ನಷ್ಟು ಹತ್ತಿರ ಹತ್ತಿರ ತೆಗೆದುಕೊಂಡರೆ ಊಹೆಯ ಪ್ರಮಾಣ ತಾನಾಗಿಯೇ ಕಡಿಮೆಯಾಗಬೇಕು. ಬ್ಯಾಟರಿ ಸುಧಾರಿಸಿದಂತೆ ಈ ಮಾದರಿಗಳೆಲ್ಲ ಮೂಲೆಗೆ ಸೇರುತ್ತವೆ ಎಂಬುದು ನನ್ನ ಅಭಿಪ್ರಾಯ.

ಲೆಕ್ಕದ ಮಾಸ್ತರ, ಗದಗ

ಉಣಕಲ್ಲಿನವರು ವಾಹನದ ಮಾತು ತೆಗೆದಿದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಹುಬ್ಬಳ್ಳಿಯ ಹೊಸೂರಿನಲ್ಲಿ ಹತ್ತು ಗಂಟೆಗೆ ಇದ್ದ, ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸು ಸ್ವಲ್ಪ ಹೊತ್ತಿನ ಮೇಲೆ ನವನಗರದಲ್ಲಿ ಕಂಡರೆ ನಡುವೆ ಅದು ಉಣಕಲ್ಲನ್ನು ದಾಟಿಯೇ ಬಂದಿದೆ ಎಂದು ಕಣ್ಣು ಮುಚ್ಚಿ ಹೇಳಬಹುದು, ಏಕೆಂದರೆ ಅದಕ್ಕೆ ಹಾಕಿಕೊಟ್ಟ ರಸ್ತೆ ಒಂದೇ. ರಾಣೇಬೆನ್ನೂರಿನ ನಿಜವಾದ ಚಿಗರಿಗೆ, ಅಂದರೆ ಕೃಷ್ಣಮೃಗಕ್ಕೆ, ಅಂಥ ರಸ್ತೆಯಿಲ್ಲ. ಎರಡು ಚುಕ್ಕಿಗಳ ನಡುವೆ ಅದು ನೇರ ನಡೆದಿರಬಹುದು, ಸುತ್ತಿ ಬಂದಿರಬಹುದು, ಮುಕ್ಕಾಲು ಗಂಟೆ ಮಲಗಿ ಕೊನೆಗೆ ಓಡಿರಬಹುದು. ಗೆರೆ ಎಳೆಯುವವನು ಅದು ನೇರವಾಗಿ, ಒಂದೇ ವೇಗದಲ್ಲಿ ನಡೆಯಿತೆಂದು ಒಪ್ಪಿಕೊಂಡುಬಿಟ್ಟಿರುತ್ತಾನೆ. ಗೆರೆಯೂ ಒಂದು ಮಾದರಿಯೇ, ಹೇಳದೆ ಒಳಗೆ ಬಂದ ಮಾದರಿ.

ಚುಕ್ಕಿಗಳನ್ನು ಹತ್ತಿರ ಮಾಡಿದರೆ ಸರಿಹೋಗುತ್ತದೆಂಬ ಮಾತನ್ನು ಲೆಕ್ಕ ಹಾಕಿ ನೋಡೋಣ. ದಿನವಿಡೀ ಒಂದೇ ಕಡೆ ಅಲುಗದೆ ಮಲಗಿದ ಎಮ್ಮೆಗೆ ಜಿಪಿಎಸ್ ಕಟ್ಟಿದ್ದೇವೆ, ನಿಮಿಷಕ್ಕೊಂದು ಬಿಂದು ಬರುತ್ತಿದೆ ಎಂದುಕೊಳ್ಳಿ. ಪ್ರತಿ ಬಿಂದುವಿನಲ್ಲೂ ಪೂರ್ವ-ಪಶ್ಚಿಮಕ್ಕೆ, ಉತ್ತರ-ದಕ್ಷಿಣಕ್ಕೆ ತಲಾ 5 ಮೀಟರ್ ಮಾನಕ ವಿಚಲನೆಯ (ತಪ್ಪು ಎಷ್ಟು ಹರಡಿದೆ ಎಂಬುದರ ಅಳತೆ) ತಪ್ಪಿದ್ದು, ಒಂದರ ತಪ್ಪಿಗೂ ಇನ್ನೊಂದರ ತಪ್ಪಿಗೂ ಸಂಬಂಧವಿಲ್ಲದಿದ್ದರೆ, ಅಕ್ಕಪಕ್ಕದ ಎರಡು ಬಿಂದುಗಳ ಸರಾಸರಿ ಅಂತರ 5ನ್ನು ಪೈ ವರ್ಗಮೂಲದಿಂದ ಗುಣಿಸಿದಷ್ಟು, ಅಂದರೆ ಸುಮಾರು 8.9 ಮೀಟರ್ ಆಗುತ್ತದೆ. ದಿನಕ್ಕೆ 1,440 ನಿಮಿಷ. ಮಲಗಿದ ಎಮ್ಮೆ ಕಾಗದದ ಮೇಲೆ ಸುಮಾರು 12.8 ಕಿಲೋಮೀಟರ್ ನಡೆದಿರುತ್ತದೆ! ನಿಜವಾದ ಜಿಪಿಎಸ್ ತಪ್ಪುಗಳು ಒಂದಕ್ಕೊಂದು ಅಂಟಿಕೊಂಡು ಬರುವುದರಿಂದ ಇಷ್ಟು ಕೆಡುವುದಿಲ್ಲ, ಆದರೆ ತಪ್ಪಿನ ದಿಕ್ಕು ಇದೇ. ಬಿಂದುಗಳನ್ನು ವಿರಳ ಮಾಡಿದರೆ ಪ್ರಾಣಿಯ ತಿರುವುಗಳೆಲ್ಲ ಕತ್ತರಿಸಿಹೋಗಿ ದೂರ ಕುಗ್ಗುತ್ತದೆ. ದಟ್ಟ ಮಾಡಿದರೆ ಉಪಕರಣದ ನಡುಕವೇ ನಡಿಗೆಯಾಗಿ ದೂರ ಹಿಗ್ಗುತ್ತದೆ. ಇವೆರಡರ ನಡುವೆ ನಿಜ ಎಷ್ಟೆಂದು ಹೇಳಬೇಕಾದರೆ, ಪ್ರಾಣಿ ಹೇಗೆ ನಡೆಯುತ್ತದೆ ಎಂಬುದರ ಬಗ್ಗೆ ಒಂದು ಹೇಳಿಕೆ, ಉಪಕರಣ ಹೇಗೆ ತಪ್ಪುತ್ತದೆ ಎಂಬುದರ ಬಗ್ಗೆ ಇನ್ನೊಂದು ಹೇಳಿಕೆ, ಎರಡನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳಬೇಕು. ಹಾಗೆ ಬರೆದುಕೊಳ್ಳುವುದೇ ಮಾದರಿ. ಬ್ಯಾಟರಿ ಎಷ್ಟು ಒಳ್ಳೆಯದಾದರೂ ಇದು ತಪ್ಪುವುದಿಲ್ಲ.

ಇಂಥ ಹೇಳಿಕೆಗಳಲ್ಲಿ ಅತಿ ಸರಳವಾದದ್ದು ಯಾದೃಚ್ಛಿಕ ನಡಿಗೆ, ಅಂದರೆ ಪ್ರತಿ ಹೆಜ್ಜೆಯ ದಿಕ್ಕೂ ಆಕಸ್ಮಿಕವಾಗಿರುವ ನಡಿಗೆ. ಇದರ ಹುಟ್ಟಿನ ಹಿಂದೆ ಸೊಳ್ಳೆ ಇದೆ. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರಾವಲಂಬಿಯನ್ನು ಕಂಡ ರೊನಾಲ್ಡ್ ರಾಸ್‌ಗೆ ಆಮೇಲೆ ಎದ್ದ ಪ್ರಶ್ನೆ, ಒಂದು ಊರಿನ ಸುತ್ತ ಎಷ್ಟು ದೂರದವರೆಗೆ ನಿಂತ ನೀರನ್ನು ತೆಗೆದರೆ ಹೊರಗಿನ ಸೊಳ್ಳೆ ಒಳಗೆ ಬರುವುದು ನಿಲ್ಲುತ್ತದೆ ಎಂಬುದು. ಅದು ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ ಅವರ ಬಳಿ ಹೋಯಿತು. ಪಿಯರ್ಸನ್ 1905ರಲ್ಲಿ 'ನೇಚರ್' ಪತ್ರಿಕೆಗೆ ಚಿಕ್ಕ ಪತ್ರ ಬರೆದು, ಒಬ್ಬ ಮನುಷ್ಯ ಒಂದೇ ಅಳತೆಯ ದೂರವನ್ನು ಪ್ರತಿ ಸಲವೂ ಮನಸ್ಸಿಗೆ ಬಂದ ದಿಕ್ಕಿಗೆ ನಡೆಯುತ್ತ ಹೋದರೆ ಕೊನೆಗೆ ಎಲ್ಲಿರುತ್ತಾನೆ ಎಂದು ಓದುಗರನ್ನೇ ಕೇಳಿದರು. ಉತ್ತರ ಕೊಟ್ಟವರು ಲಾರ್ಡ್ ರೇಲಿ. ಕುಡಿದವನು ಬಯಲಿನಲ್ಲಿ ಎಲ್ಲಿ ಸಿಕ್ಕಾನು ಎಂದರೆ ಹೊರಟ ಜಾಗದ ಹತ್ತಿರವೇ ಎಂದು ಪಿಯರ್ಸನ್ ಆಮೇಲೆ ತಮಾಷೆಯಾಗಿ ಬರೆದರು. 10 ಮೀಟರಿನ 100 ಹೆಜ್ಜೆ ಇಟ್ಟರೆ ನಡೆದದ್ದು 1,000 ಮೀಟರ್, ಹೊರಟಲ್ಲಿಂದ ದೂರವಾಗುವುದು ಸುಮಾರು 100 ಮೀಟರ್. ದೂರ ಎರಡು ಪಟ್ಟಾಗಬೇಕಾದರೆ ಹೆಜ್ಜೆ ನಾಲ್ಕು ಪಟ್ಟಾಗಬೇಕು.

ಒಂದು ಪ್ರಾಣಿಯ ದಾರಿಯನ್ನು ಇದು ಹೇಳದಿದ್ದರೂ ಸಾವಿರಾರು ಪ್ರಾಣಿಗಳು ಹರಡುವ ಪರಿಯನ್ನು ಚೆನ್ನಾಗಿ ಹೇಳುತ್ತದೆ. 1905ರಲ್ಲಿ ಪ್ರಾಗ್ ನಗರದ ಬಳಿ ಬಿಟ್ಟ ಕೆಲವೇ ಕಸ್ತೂರಿ ಇಲಿಗಳ ಸಂತತಿ ಮಧ್ಯ ಯುರೋಪಿನಲ್ಲೆಲ್ಲ ಹಬ್ಬಿದಾಗ, ಅವು ಆವರಿಸಿದ ವಿಸ್ತೀರ್ಣದ ವರ್ಗಮೂಲ ವರ್ಷದಿಂದ ವರ್ಷಕ್ಕೆ ನೇರ ಗೆರೆಯಲ್ಲಿ ಬೆಳೆಯಿತೆಂದು ಸ್ಕೆಲ್ಲಮ್ 1951ರಲ್ಲಿ ತೋರಿಸಿದರು. ಯಾದೃಚ್ಛಿಕ ಹರಡುವಿಕೆಗೆ ಸಂತಾನವೃದ್ಧಿಯನ್ನು ಸೇರಿಸಿದರೆ ಗಣಿತ ಕೊಡುವ ಉತ್ತರವೂ ಅದೇ.

ಹುಲ್ಲುಗಾವಲು, ರಾಣೇಬೆನ್ನೂರು

ಮಾಸ್ತರರೇ, ಕುಡಿದವನ ಲೆಕ್ಕವನ್ನು ಕೃಷ್ಣಮೃಗಕ್ಕೆ ಹಚ್ಚುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ಅಭಯಾರಣ್ಯದ ಅಂಚಿನ ಹೊಲಗಳಲ್ಲಿ ಚಿಗರಿಗಳನ್ನು ನೋಡಿದ ಯಾರಾದರೂ ಹೇಳುತ್ತಾರೆ: ಅವು ಬರುವ ಹೊತ್ತು ಗೊತ್ತು, ಬರುವ ಮೂಲೆ ಗೊತ್ತು, ನಾಯಿ ಬೊಗಳಿದರೆ ಯಾವ ಕಡೆ ನೆಗೆಯುತ್ತವೆ ಎಂಬುದೂ ಗೊತ್ತು. ಇಷ್ಟು ಲೆಕ್ಕಾಚಾರವಿರುವ ಪ್ರಾಣಿಯನ್ನು ಗೊತ್ತುಗುರಿಯಿಲ್ಲದೆ ಅಲೆಯುವುದೆಂದು ಬರೆದುಕೊಂಡರೆ ಆ ಲೆಕ್ಕದಿಂದ ಬರುವುದೇನು? ಮೇವು, ನೀರು, ಭಯ ಇವು ಎಲ್ಲಿ ಹೋದವು?

ಜೀವಶಾಸ್ತ್ರದ ವಿದ್ಯಾರ್ಥಿನಿ, ಧಾರವಾಡ

ನಿಮ್ಮ ಆಕ್ಷೇಪಣೆಯಿಂದಲೇ ಮುಂದಿನ ಮಾದರಿಗಳು ಹುಟ್ಟಿದವು, ಸರ್. ಇಲ್ಲಿ ಯಾದೃಚ್ಛಿಕ ಎನ್ನುವುದು ಪ್ರಾಣಿಯ ತಲೆಯೊಳಗಿನ ಸ್ಥಿತಿಯಲ್ಲ. ನೋಡುವವರಿಗೆ ಇನ್ನೂ ಗೊತ್ತಿಲ್ಲದ ಭಾಗಕ್ಕೆ ಕೊಟ್ಟ ಜಾಗ ಅದು, ತಿಳಿದದ್ದನ್ನು ಒಂದೊಂದಾಗಿ ಸೇರಿಸಿದಂತೆ ಆ ಜಾಗ ಕಿರಿದಾಗುತ್ತ ಬರುತ್ತದೆ.

ಮೊದಲು ಸೇರಿಸಿದ್ದು ಮುಖದ ದಿಕ್ಕು. ಪ್ರಾಣಿ ಹೋಗುತ್ತಿದ್ದ ಕಡೆಗೇ ಬಹುತೇಕ ಹೋಗುತ್ತದೆ, ಹಠಾತ್ತನೆ ಹಿಂದಕ್ಕೆ ತಿರುಗುವುದು ಅಪರೂಪ. ಎಲೆಕೋಸಿನ ಚಿಟ್ಟೆಗಳ ಹಾರಾಟವನ್ನು ಅಳೆದು ಕರೈವ ಮತ್ತು ಶಿಗೆಸಾಡ 1983ರಲ್ಲಿ ಇದರ ಸೂತ್ರವನ್ನು ಬಳಕೆಗೆ ತಂದರು. ತಿರುವಿನ ಕೋನದ ಕೋಸೈನ್ ಸರಾಸರಿ 0.8 ಇದ್ದರೆ, ಅಷ್ಟೇ ಹೆಜ್ಜೆಯಲ್ಲಿ ಪ್ರಾಣಿ ಮಾಸ್ತರರ ಕುಡುಕನಿಗಿಂತ ಸುಮಾರು 3 ಪಟ್ಟು ದೂರ ತಲುಪುತ್ತದೆ.

ಆಮೇಲೆ ಸೇರಿಸಿದ್ದು ಪ್ರಾಣಿ ಏನು ಮಾಡುತ್ತಿದೆ ಎಂಬುದನ್ನು. ಮೇಯುವಾಗ ಹೆಜ್ಜೆ ಚಿಕ್ಕವು, ತಿರುವು ಹೆಚ್ಚು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಾಗ ಹೆಜ್ಜೆ ಉದ್ದ, ತಿರುವು ಕಡಿಮೆ. ಪ್ರಾಣಿ ಯಾವ ಗಳಿಗೆಯಲ್ಲಿ ಯಾವ ಸ್ಥಿತಿಯಲ್ಲಿತ್ತೆಂದು ನಮಗೆ ಕಾಣುವುದಿಲ್ಲ, ಚುಕ್ಕಿ ಮಾತ್ರ ಕಾಣುತ್ತದೆ. ಕಾಣುವುದರಿಂದ ಕಾಣದ ಸ್ಥಿತಿಯನ್ನು ಅಂದಾಜಿಸುವ ಗುಪ್ತ ಮಾರ್ಕೊವ್ ಮಾದರಿಗಳು ಇಂದು ಈ ಕ್ಷೇತ್ರದಲ್ಲಿ ಎಲ್ಲೆಡೆ ಬಳಕೆಯಲ್ಲಿವೆ. 2008ರಲ್ಲಿ ರಾನ್ ನಾಥನ್ ಮತ್ತು ಸಂಗಡಿಗರು ಪ್ರಾಣಿ ಏಕೆ ಚಲಿಸುತ್ತದೆ, ಹೇಗೆ ಚಲಿಸಬಲ್ಲದು, ದಿಕ್ಕನ್ನು ಹೇಗೆ ಹಿಡಿಯುತ್ತದೆ, ಹೊರಗೆ ಏನಿದೆ ಎಂಬ ನಾಲ್ಕನ್ನು ಒಂದೇ ಚೌಕಟ್ಟಿನಲ್ಲಿ ಇಟ್ಟರು. ನಿಮ್ಮ ಮೇವು, ನೀರು, ಭಯ ಮೂರೂ ಅದರಲ್ಲಿವೆ.

ಆದರೆ ಏನು ಮಾಡುತ್ತಿತ್ತು ಎಂಬುದನ್ನು ಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಅಲ್ಬಟ್ರಾಸ್ ಎಂಬ ಕಡಲಕೋಳಿಯ ಪ್ರಸಂಗವನ್ನು ಹೇಳಲೇಬೇಕು. ದಕ್ಷಿಣ ಅಟ್ಲಾಂಟಿಕ್ಕಿನ ಸೌತ್ ಜಾರ್ಜಿಯ ದ್ವೀಪಗಳ ಅಲ್ಬಟ್ರಾಸ್ ಹಕ್ಕಿಗಳ ಕಾಲಿಗೆ ತೇವ ಗುರುತಿಸುವ ಉಪಕರಣ ಕಟ್ಟಿದ್ದರು. ಕಾಲು ಒದ್ದೆಯಿದ್ದರೆ ಹಕ್ಕಿ ನೀರಿನ ಮೇಲಿದೆ, ಒಣಗಿದ್ದರೆ ಹಾರುತ್ತಿದೆ ಎಂಬುದು ತರ್ಕ. ಒಣಗಿದ ಅವಧಿಗಳಲ್ಲಿ ಹೆಚ್ಚಿನವು ಚಿಕ್ಕವು, ಕೆಲವು ಮಾತ್ರ ಬಹಳ ದೀರ್ಘವಾಗಿದ್ದವು. ಇದು ಲೆವಿ ಹಾರಾಟ ಎಂಬ ವಿಶೇಷ ಯಾದೃಚ್ಛಿಕ ನಡಿಗೆಗೆ ಹೊಂದುತ್ತದೆ ಎಂದು 1996ರಲ್ಲಿ 'ನೇಚರ್'ನಲ್ಲಿ ಪ್ರಕಟವಾಯಿತು. ವಿರಳ ಆಹಾರವನ್ನು ಹುಡುಕಲು ಇದು ಒಳ್ಳೆಯ ಉಪಾಯವೆಂದು ಗಣಿತವೂ ಹೇಳಿದ್ದರಿಂದ, ಹತ್ತಾರು ಪ್ರಾಣಿಗಳಲ್ಲಿ ಇದನ್ನೇ ಹುಡುಕುವ ಭರಾಟೆ ಎದ್ದಿತು. 2007ರಲ್ಲಿ ಆಂಡ್ರ್ಯೂ ಎಡ್ವರ್ಡ್ಸ್ ಮತ್ತು ಸಂಗಡಿಗರು ಹಳೆಯ ದಾಖಲೆಗಳನ್ನು ತಿರುಗಿ ನೋಡಿದಾಗ ತಿಳಿದದ್ದೇನೆಂದರೆ, ಅತಿ ದೀರ್ಘವಾದ ಆ 'ಹಾರಾಟ'ಗಳ ಹೊತ್ತಿನಲ್ಲಿ ಹಕ್ಕಿ ದ್ವೀಪದ ಗೂಡಿನಲ್ಲಿ ಕುಳಿತಿತ್ತು. ಕಾಲು ಒಣಗಿದ್ದು ಅದಕ್ಕೆ! ಅವನ್ನು ತೆಗೆದುಹಾಕಿದರೆ ಲೆವಿ ಹಾರಾಟದ ಪುರಾವೆಯೇ ಉಳಿಯಲಿಲ್ಲ. ಮುಂದೆ ಜಿಪಿಎಸ್ ಬಳಸಿದ ಬೇರೆ ಅಧ್ಯಯನಗಳು ಕೆಲವು ಅಲ್ಬಟ್ರಾಸ್‌ಗಳಲ್ಲಿ ಅಂಥ ವಿನ್ಯಾಸ ಕಂಡಿವೆ ಎಂದಿರುವುದರಿಂದ ವಾದ ಇನ್ನೂ ನಡೆದೇ ಇದೆ. ಸಮೀಕರಣ ತನ್ನಷ್ಟಕ್ಕೆ ಸರಿಯಾಗಿತ್ತು ಎಂಬುದನ್ನು ಗಮನಿಸಬೇಕು. ಹಕ್ಕಿ ಕುಳಿತಿದೆಯೋ ಹಾರುತ್ತಿದೆಯೋ ಎಂಬ, ದ್ವೀಪದಲ್ಲಿ ನಿಂತವರಿಗೆ ಕಣ್ಣಿಗೇ ಕಾಣುವ ಸಂಗತಿ ಅದರೊಳಗೆ ಬಂದಿರಲಿಲ್ಲ.

ಉಣಕಲ್ ದಂಡೆ, ಹುಬ್ಬಳ್ಳಿ

ಎಮ್ಮೆಯ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಓಡಿಸಿ ನೋಡಿದೆ, ಉತ್ತರ ಬರುವುದು ಹಾಗೆಯೇ. ವಾಹನಗಳಲ್ಲಿ ನಾವು ಬಿಂದುವನ್ನು ರಸ್ತೆಗೆ ಎಳೆದು ಕೂರಿಸುತ್ತೇವೆ, ಆದ್ದರಿಂದ ಅಲ್ಲಿ ಈ ತೊಂದರೆ ಅಷ್ಟಾಗಿ ಕಾಣುವುದಿಲ್ಲ. ಈಗ ನನ್ನ ಪ್ರಶ್ನೆ ಬೇರೆ. ಗೆರೆ ಎಳೆಯುವವನಿಗೆ ಕಾಣದ ಯಾವ ಹೊಸ ಸಂಗತಿಯನ್ನು ಈ ಅಧ್ಯಯನಗಳು ಹೇಳಿವೆ? ಮಾಗಡಿಯ ಹಕ್ಕಿಯದೇ ಉದಾಹರಣೆ ಇದ್ದರೆ ಒಳ್ಳೆಯದು.

ಜೀವಶಾಸ್ತ್ರದ ವಿದ್ಯಾರ್ಥಿನಿ, ಧಾರವಾಡ

ಇದೆ. ಪಟ್ಟೆತಲೆ ಹೆಬ್ಬಾತು ಎವರೆಸ್ಟ್ ಮೇಲಿಂದಲೇ ಹಾರಿಹೋಗುತ್ತದೆ ಎಂಬುದು ಬಹುಕಾಲದ ನಂಬಿಕೆ. ಉಪಗ್ರಹದ ಮೂಲಕ ಹಿಂಬಾಲಿಸಿದಾಗ ಅವು ಕಣಿವೆ ಮತ್ತು ಘಾಟುಗಳನ್ನು ಹಿಡಿದು ಹೋಗುವುದು ಕಂಡಿತು. 6,000 ಮೀಟರಿಗಿಂತ ಮೇಲೇರುವುದು ಅಪರೂಪ, ಆ ಅಧ್ಯಯನದಲ್ಲಿ ದಾಖಲಾದ ಗರಿಷ್ಠ ಎತ್ತರ 7,290 ಮೀಟರ್. 2011ರಲ್ಲಿ ಲೂಸಿ ಹಾಕ್ಸ್ ಮತ್ತು ಸಂಗಡಿಗರು ಪ್ರಕಟಿಸಿದಂತೆ, ಭಾರತದ ಕಡೆಯಿಂದ ಹಿಮಾಲಯದ ಏರನ್ನು ಅವು ಸುಮಾರು 8 ಗಂಟೆಗಳಲ್ಲಿ ಮುಗಿಸುತ್ತವೆ. ಅದೂ ಹಗಲು ಬೀಸುವ ಏರುಗಾಳಿಯ ಸಹಾಯ ಪಡೆಯದೆ, ರಾತ್ರಿ ಮತ್ತು ನಸುಕಿನ ತಣ್ಣನೆಯ, ದಟ್ಟ ಗಾಳಿಯಲ್ಲಿ.

ಇಲ್ಲಿಯವರೆಗಿನದು ಚುಕ್ಕಿಗಳಿಂದ ಕಾಣುವಂಥದ್ದು. ಚಾರ್ಲ್ಸ್ ಬಿಷಪ್ ತಂಡ ಮಂಗೋಲಿಯದಲ್ಲಿ ಹೆಬ್ಬಾತುಗಳ ದೇಹದೊಳಗೆ ಗಾಳಿಯ ಒತ್ತಡ, ರೆಕ್ಕೆಬಡಿತ, ಎದೆಬಡಿತ ಮೂರನ್ನೂ ಬರೆದಿಡುವ ಉಪಕರಣ ಇರಿಸಿ, 2015ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿತು. ಹಕ್ಕಿ ಒಮ್ಮೆ ಏರಿ ಎತ್ತರದಲ್ಲೇ ಉಳಿಯುವುದಿಲ್ಲ. ಬೆಟ್ಟದ ಮೈಯನ್ನು ಅನುಸರಿಸಿ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಗಳಿಸಿದ ಎತ್ತರವನ್ನು ಕಳೆದುಕೊಂಡು ಮತ್ತೆ ಗಳಿಸುವುದು ದಂಡವೆಂದೇ ನಕ್ಷೆ ನೋಡಿದವರಿಗೆ ಅನಿಸುತ್ತದೆ. ಆದರೆ ಎತ್ತರದ ತೆಳು ಗಾಳಿಯಲ್ಲಿ ತೇಲಿ ಉಳಿಯಲು ರೆಕ್ಕೆಯನ್ನು ಬೇಗ ಬಡಿಯಬೇಕು, ರೆಕ್ಕೆಬಡಿತ ಶೇ 5ರಷ್ಟು ಹೆಚ್ಚಿದರೆ ಎದೆಬಡಿತ ಶೇ 19ರಷ್ಟು, ಹಾರಲು ಬೇಕಾದ ಶಕ್ತಿಯ ಅಂದಾಜು ಶೇ 41ರಷ್ಟು ಹೆಚ್ಚುತ್ತದೆ. ಆದ್ದರಿಂದ ತಗ್ಗಿನಲ್ಲಿ ಹಾರಿ, ಬೇಕಾದಲ್ಲಿ ಮಾತ್ರ ಏರುವುದೇ ಹಕ್ಕಿಗೆ ಅಗ್ಗ. ಈ ಮಾತನ್ನು ದಾರಿಯ ಗೆರೆ ಹೇಳಲಾರದು.

ಹುಲ್ಲುಗಾವಲು, ರಾಣೇಬೆನ್ನೂರು

ಇದು ಚೆನ್ನಾಗಿದೆ. ನನ್ನದು ಗುಂಪಿನ ಪ್ರಶ್ನೆ. ಹಿಂಗಾರಿ ಜೋಳ ತೆನೆ ಕಟ್ಟಿದಾಗ ಗುಲಾಬಿ ಕಬ್ಬಕ್ಕಿಗಳ ದಂಡು ಹೊಲದ ಮೇಲೆ ಒಂದೇ ಮೈಯಾಗಿ ಹೊರಳುತ್ತದೆ. ಚಿಗರಿ ಹಿಂಡೂ ಹಾಗೆಯೇ, ಒಂದು ನೆಗೆದರೆ ಎಲ್ಲವೂ ನೆಗೆಯುತ್ತವೆ. ಒಂದೊಂದಕ್ಕೆ ಬೇರೆ ಬೇರೆ ಮಾದರಿ ಬರೆದರೆ ಇದು ಬರುವುದೇ?

ಲೆಕ್ಕದ ಮಾಸ್ತರ, ಗದಗ

ಬರುವುದಿಲ್ಲ, ಒಂದರ ಹೆಜ್ಜೆಯನ್ನು ಪಕ್ಕದವುಗಳ ಹೆಜ್ಜೆಗೆ ಕಟ್ಟಬೇಕು. ಚಿತ್ರ ಬಿಡಿಸುವ ಕಂಪ್ಯೂಟರ್ ತಂತ್ರಜ್ಞ ಕ್ರೇಗ್ ರೆನಾಲ್ಡ್ಸ್ 1987ರಲ್ಲಿ ಮೂರೇ ನಿಯಮಗಳಿಂದ ಇದನ್ನು ತೆರೆಯ ಮೇಲೆ ತಂದರು: ಡಿಕ್ಕಿ ಹೊಡೆಯಬೇಡ, ಪಕ್ಕದವರ ದಿಕ್ಕಿಗೆ ತಿರುಗು, ಗುಂಪಿನ ನಡುವಿನ ಕಡೆಗೆ ಸರಿ. ನಾಯಕನೂ ಬೇಡ, ಆಜ್ಞೆಯೂ ಬೇಡ. ಆದರೆ ತೆರೆಯ ಮೇಲೆ ಗುಂಪಿನಂತೆ ಕಂಡ ಮಾತ್ರಕ್ಕೆ ಹಕ್ಕಿಗಳು ಪಾಲಿಸುವುದೂ ಅದನ್ನೇ ಎಂದಾಗುವುದಿಲ್ಲ, ಎಷ್ಟೋ ಬೇರೆ ನಿಯಮಗಳಿಂದಲೂ ಅಂಥದೇ ನೋಟ ಬರುತ್ತದೆ. ರೋಮ್ ನಗರದ ಮೇಲೆ ಹಾರುವ ಸ್ಟಾರ್ಲಿಂಗ್ ದಂಡುಗಳನ್ನು ಹಲವು ಕ್ಯಾಮೆರಾಗಳಿಂದ ಒಟ್ಟಿಗೆ ಸೆರೆಹಿಡಿದು, ಪ್ರತಿ ಹಕ್ಕಿಯ ಸ್ಥಾನವನ್ನು ಮೂರು ಆಯಾಮದಲ್ಲಿ ಲೆಕ್ಕ ಹಾಕಿದ ಇಟಲಿಯ ಭೌತವಿಜ್ಞಾನಿಗಳು 2008ರಲ್ಲಿ, ಒಂದು ಹಕ್ಕಿ ಗಮನಿಸುವುದು ಇಂತಿಷ್ಟು ಮೀಟರಿನೊಳಗಿನ ಎಲ್ಲರನ್ನೂ ಅಲ್ಲ, ಹತ್ತಿರದ ಆರೇಳು ಹಕ್ಕಿಗಳನ್ನು ಮಾತ್ರ ಎಂದು ಕಂಡುಕೊಂಡರು. ದಂಡು ಹಿಗ್ಗಿದರೂ ಕುಗ್ಗಿದರೂ ಆ ಆರೇಳರ ಕೊಂಡಿ ಹರಿಯುವುದಿಲ್ಲ, ಗಿಡುಗ ನುಗ್ಗಿದಾಗಲೂ ದಂಡು ಚೆದುರಿ ಹೋಗದಿರುವುದಕ್ಕೆ ಅವರು ಕೊಟ್ಟ ಕಾರಣ ಇದು.

ಉಣಕಲ್ ದಂಡೆ, ಹುಬ್ಬಳ್ಳಿ

2021ರ ಸೆಪ್ಟೆಂಬರಿನಲ್ಲಿ ನಮ್ಮ ನೃಪತುಂಗ ಬೆಟ್ಟದ ಸುತ್ತ ಚಿರತೆ ಓಡಾಡಿದ್ದು, ಅದೇ ದಿನಗಳಲ್ಲಿ ಧಾರವಾಡದ ಕವಲಗೇರಿ ಕಡೆ ಚಿರತೆಯೊಂದು ಬೋನಿಗೆ ಬಿದ್ದದ್ದು ನೆನಪಿರಬಹುದು. ಎರಡೂ ಒಂದೇ ಪ್ರಾಣಿಯೇ ಎಂಬ ಚರ್ಚೆ ಆಗ ಊರೆಲ್ಲ ನಡೆದಿತ್ತು. ಚಿರತೆ ಎಲ್ಲಿ ನಡೆಯುತ್ತದೆ ಎಂದು ಮೊದಲೇ ಹೇಳುವ ಮಾದರಿ ಇದೆಯೇ? ಹಿಡಿದು ದೂರ ಬಿಟ್ಟರೆ ಮುಗಿಯುವುದಿಲ್ಲವೇ?

ಜೀವಶಾಸ್ತ್ರದ ವಿದ್ಯಾರ್ಥಿನಿ, ಧಾರವಾಡ

ಎರಡೂ ಒಂದೇ ಪ್ರಾಣಿಯೇ ಎಂಬುದನ್ನು ತೀರ್ಮಾನಿಸುವುದು ಮೈಮೇಲಿನ ಚುಕ್ಕೆಗಳ ವಿನ್ಯಾಸ ಅಥವಾ ಹಿಕ್ಕೆಯಲ್ಲಿ ಸಿಗುವ ಡಿಎನ್‌ಎ. ಚಲನೆಯ ಮಾದರಿಯ ಕೆಲಸ ಬೇರೆ. ಪ್ರಾಣಿ ನಿಜವಾಗಿ ಇಟ್ಟ ಪ್ರತಿ ಹೆಜ್ಜೆಯ ಪಕ್ಕದಲ್ಲಿ, ಅದೇ ಜಾಗದಿಂದ ಇಡಬಹುದಾಗಿದ್ದು ಇಡದೆ ಬಿಟ್ಟ ಹತ್ತಾರು ಹೆಜ್ಜೆಗಳನ್ನು ಕಂಪ್ಯೂಟರಿನಿಂದ ಹುಟ್ಟಿಸುತ್ತಾರೆ. ಕೊನೆ ಮುಟ್ಟಿದ ಜಾಗದಲ್ಲಿ ಕಬ್ಬಿತ್ತೇ, ಮನೆಯಿತ್ತೇ, ಹಳ್ಳವಿತ್ತೇ ಎಂದು ಎರಡನ್ನೂ ಹೋಲಿಸಿದರೆ ಪ್ರಾಣಿ ಯಾವುದನ್ನು ಆರಿಸುತ್ತದೆ, ಯಾವುದನ್ನು ತಪ್ಪಿಸುತ್ತದೆ ಎಂಬುದು ಅಂಕಿಯಲ್ಲಿ ಬರುತ್ತದೆ. ತೋಳಗಳು ಮರಳಿದ ಯೆಲ್ಲೊಸ್ಟೋನ್‌ನಲ್ಲಿ ಎಲ್ಕ್ ಜಿಂಕೆಗಳ ನಡಿಗೆ ತೋಳದ ಭಯಕ್ಕೆ ಹೇಗೆ ಬಾಗಿತೆಂಬುದನ್ನು 2005ರಲ್ಲಿ ಹೀಗೆ ತೋರಿಸಿದರು. ಇದರಿಂದ ಸಿಗುವುದು ಸಾಧ್ಯತೆಯ ನಕ್ಷೆ. ನಾಳೆ ರಾತ್ರಿ ಚಿರತೆ ಯಾವ ಬೀದಿಗೆ ಬರುತ್ತದೆ ಎಂಬ ಭವಿಷ್ಯ ಸಿಗುವುದಿಲ್ಲ.

ದೂರ ಬಿಡುವ ವಿಷಯದಲ್ಲಿ ಮಹಾರಾಷ್ಟ್ರದ ಅನುಭವವಿದೆ. 2009ರಲ್ಲಿ ವಿದ್ಯಾ ಅತ್ರೇಯ ಅವರ ತಂಡ ಅಜೋಬಾ ಎಂದು ಕರೆದ ಚಿರತೆಗೆ ಜಿಪಿಎಸ್ ಕಾಲರ್ ಹಾಕಿ ಮಾಳಶೇಜ್ ಘಾಟಿನಲ್ಲಿ ಬಿಟ್ಟಾಗ, ಅದು ಒಂದು ತಿಂಗಳೊಳಗೆ ಸುಮಾರು 120 ಕಿಲೋಮೀಟರ್ ನಡೆದು ಮುಂಬೈ ಅಂಚಿನ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಡೆ ಸೇರಿತು. ಅದೇ ಅಧ್ಯಯನಗಳಲ್ಲಿ ಹೊಲಗದ್ದೆಗಳ ನಡುವೆ ನೆಲೆಸಿದ್ದ ಚಿರತೆಗಳು ಬಹಳ ಚಿಕ್ಕ ವ್ಯಾಪ್ತಿಯೊಳಗೆ, ರಾತ್ರಿ ಹೊತ್ತು ಮನೆಗಳ ಸಮೀಪದಲ್ಲೇ ಓಡಾಡಿದ್ದು ಕಂಡಿದೆ. ಪ್ರಾಣಿಯನ್ನು ಒಂದು ಜಾಗದಿಂದ ಎತ್ತಿ ಇನ್ನೊಂದು ಜಾಗದಲ್ಲಿಟ್ಟರೆ ಅದು ಅಲ್ಲಿಯೇ ಇರುತ್ತದೆ ಎಂಬುದೂ ಒಂದು ಮಾದರಿ. ದತ್ತಾಂಶ ಅದಕ್ಕೆ ವಿರುದ್ಧವಾಗಿದೆ.

ಹಿಂಗಾರಿ ಹೊಲ, ಶಿರಹಟ್ಟಿ

ತಾಯೀ, ಅಲ್ಬಟ್ರಾಸ್ ಪ್ರಸಂಗ ಓದಿದ ಮೇಲೆ ನಮ್ಮ ಕೆಲಸವೂ ಇದರಲ್ಲಿದೆ ಎನಿಸಿತು. ಹೆಬ್ಬಾತುಗಳು ಹಗಲು ಕೆರೆಯಲ್ಲಿ ಕುಳಿತಿದ್ದು ಸಂಜೆಯ ಮೇಲೆ ಕಡಲೆ, ಶೇಂಗಾ ಹೊಲಗಳಿಗೆ ಮೇಯಲು ಏಳುತ್ತವೆ. ಯಾವ ಹೊಲಕ್ಕೆ ಇಳಿದವು, ಅಲ್ಲಿ ಬೆಳೆ ಎಳೆಯದೋ ಕಟಾವಾದದ್ದೋ ಎಂಬುದು ಉಪಗ್ರಹಕ್ಕೆ ಕಾಣದಿದ್ದರೂ ಹೊಲದವನಿಗೆ ಕಾಣುತ್ತದೆ. ನಾವು ಕೆಲವರು ಈ ಹಂಗಾಮಿನಲ್ಲಿ ಬರೆದಿಡಲು ಸಿದ್ಧರಿದ್ದೇವೆ. ಏನೇನು ಬರೆಯಬೇಕು?

ಜೀವಶಾಸ್ತ್ರದ ವಿದ್ಯಾರ್ಥಿನಿ, ಧಾರವಾಡ

ದಿನಾಂಕ, ಮೊದಲ ಗುಂಪು ಎದ್ದ ಹೊತ್ತು, ಹೋದ ದಿಕ್ಕು, ಇಳಿದ ಹೊಲ, ಅಲ್ಲಿನ ಬೆಳೆ ಮತ್ತು ಅದರ ಹಂತ. ಕೊರಳಪಟ್ಟಿ ಕಂಡರೆ ಅದರ ಬಣ್ಣ, ಅಕ್ಷರ, ಅಂಕಿ. ಒಂದು ಅಕ್ಷರ ಸ್ಪಷ್ಟವಾಗದಿದ್ದರೆ ಅದರ ಜಾಗವನ್ನು ಖಾಲಿ ಬಿಡಬೇಕು, ಊಹಿಸಿ ತುಂಬಬಾರದು. ಓದಲು ಬೆಳಿಗ್ಗೆ ಕೆರೆಯ ಮೂಡಣ ದಂಡೆ ಒಳ್ಳೆಯದು, ಬಿಸಿಲು ಬೆನ್ನಿಗಿರುತ್ತದೆ. ಹಕ್ಕಿಯ ಹತ್ತಿರ ಹೋಗಿ ಎಬ್ಬಿಸಿದರೆ ಆ ದಿನದ ದಾಖಲೆಯೇ ಕೆಟ್ಟಂತೆ.

ಉಣಕಲ್ಲಿನವರಿಗೆ ಒಂದು ಮಾತು: ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಿಂದ ನಡೆಯುವ ಮೂವ್‌ಬ್ಯಾಂಕ್ ಎಂಬ ಭಂಡಾರದಲ್ಲಿ ಪ್ರಪಂಚದ ಸಾವಿರಾರು ಅಧ್ಯಯನಗಳ ದತ್ತಾಂಶವಿದೆ, ಕೆಲವನ್ನು ಯಾರು ಬೇಕಾದರೂ ಇಳಿಸಿಕೊಂಡು ಅಭ್ಯಾಸ ಮಾಡಬಹುದು. ಕೆಲವನ್ನು ಮುಚ್ಚಿಟ್ಟಿರುತ್ತಾರೆ, ಅದಕ್ಕೂ ಕಾರಣವಿದೆ; 2013ರಲ್ಲಿ ಪನ್ನಾದ ಹುಲಿಯೊಂದರ ಕಾಲರ್ ಮಾಹಿತಿ ಬರುತ್ತಿದ್ದ ಇಮೇಲ್ ಖಾತೆಗೆ ಯಾರೋ ನುಗ್ಗಲು ಯತ್ನಿಸಿದ್ದು ಸುದ್ದಿಯಾಗಿತ್ತು.

ಲೆಕ್ಕದ ಮಾಸ್ತರ, ಗದಗ

ಪಟ್ಟಿಗೆ ಎರಡು ಅಂಕಣ ಸೇರಿಸಿ. ಒಂದು, ಎಷ್ಟು ಹಕ್ಕಿಗಳ ಕೊರಳನ್ನು ಸ್ಪಷ್ಟವಾಗಿ ನೋಡಿದಿರಿ ಎಂಬುದು. ಎರಡು ಪಟ್ಟಿ ಕಂಡವು ಎಂದರೆ ನೂರರಲ್ಲಿ ಎರಡೋ ಎರಡು ಸಾವಿರದಲ್ಲಿ ಎರಡೋ ಎಂದು ತಿಳಿಯದೆ ಲೆಕ್ಕ ಮುಂದೆ ಹೋಗುವುದಿಲ್ಲ. ಇನ್ನೊಂದು, ಹೋಗಿ ನೋಡಿಯೂ ಏನೂ ಕಾಣದ ದಿನಗಳು. ಆ ದಿನಗಳಿಗೆ ಸೊನ್ನೆ ಬರೆಯಿರಿ, ಹೋಗದ ದಿನಗಳಿಗೆ ಅಡ್ಡಗೆರೆ ಹಾಕಿ. ಹಾಳೆಯನ್ನು ನಾನು ಈ ವಾರ ಗೆರೆ ಹಾಕಿ ಕಳಿಸುತ್ತೇನೆ, ಉಣಕಲ್ಲಿನವರು ಅದನ್ನು ಮೊಬೈಲಿನಲ್ಲಿ ತುಂಬುವಂತೆ ಮಾಡಿಕೊಟ್ಟರೆ ಮಾರ್ಚಿನ ನಂತರ ಕೂಡಿಸುವ ಶ್ರಮ ತಪ್ಪುತ್ತದೆ.

ಉಣಕಲ್ ದಂಡೆ, ಹುಬ್ಬಳ್ಳಿ

ಮಾಡಿಕೊಡುತ್ತೇನೆ, ಮಾಸ್ತರರೇ. ಸೊನ್ನೆಗೂ ಅಡ್ಡಗೆರೆಗೂ ಬೇರೆ ಬೇರೆ ಗುಂಡಿ ಇಡುತ್ತೇನೆ. ಎರಡರಲ್ಲಿ ಒಂದನ್ನು ಒತ್ತದೆ ಆ ದಿನದ ಹಾಳೆ ಮುಚ್ಚುವುದಿಲ್ಲ.